ಜೋಡಿ ತಪ್ಪಿದ ಓಲೆಯಿಂದ ಪುಟಗುರುತು

ಜೋಡಿಯಲ್ಲಿ ಒಂದು ಕಳೆದುಹೋದ ಓಲೆ, ಕೊಂಡಿ ಮುರಿದ ಸರ, ಸರಪಳಿಯಿಲ್ಲದೆ ಉಳಿದ ಪದಕ, ದಾರ ಹರಿದು ಡಬ್ಬಿಯ ತಳ ಸೇರಿದ ಮಣಿಗಳು ತೊಡಲು ಬಾರದಿದ್ದರೂ ಎಸೆಯಲು ಮನಸ್ಸಾಗದ ವಸ್ತುಗಳು. ಇವಕ್ಕೆ ಒಂದು ತುಂಡು ರಿಬ್ಬನ್ ಸೇರಿಸಿ ಪುಟಗುರುತು ಮಾಡಬಹುದು. ಕೆಲಸ ಸುಲಭವೇ, ಆದರೆ ಒಂದು ನಿಯಮವನ್ನು ಮೊದಲಿಂದಲೇ ಪಾಲಿಸಬೇಕು: ಪುಸ್ತಕದ ಒಳಗೆ ಇರುವುದು ರಿಬ್ಬನ್ ಮಾತ್ರ. ಲೋಹ, ಹರಳು, ಗಂಟು, ಅಂಟು ಯಾವುದೂ ಹಾಳೆಗಳ ನಡುವೆ ಬರಬಾರದು. ಬಂದರೆ ಮುಚ್ಚಿಟ್ಟ ಪುಸ್ತಕದ ಭಾರಕ್ಕೆ ಹತ್ತಾರು ಪುಟಗಳ ಮೇಲೆ ಅದರ ಅಚ್ಚು ಮೂಡುತ್ತದೆ.

ಆಭರಣವನ್ನು ಆರಿಸುವಾಗ ಅಂದಕ್ಕಿಂತ ತೂಕವನ್ನು ಮೊದಲು ನೋಡಬೇಕು. ಭಾರವಾದ ಪದಕ ರಿಬ್ಬನ್ನನ್ನು ತನ್ನತ್ತ ಎಳೆದುಕೊಂಡು ಪುಸ್ತಕದಿಂದ ಜಾರಿಸುತ್ತದೆ. ಗುಂಡನೆಯ ಜುಮಕಿ ನೋಡಲು ಚೆನ್ನಾಗಿದ್ದರೂ ಚೀಲದಲ್ಲಿ ಒತ್ತಿಕೊಂಡು ನಗ್ಗುತ್ತದೆ. ಚಪ್ಪಟೆಯಾದ, ಅಂಚು ನುಣುಪಾದ ತುಂಡೇ ಲೇಸು. ಓಲೆಯ ಹಿಂದಿನ ಕಡ್ಡಿಯನ್ನು ಇಕ್ಕಳದಿಂದ ಕತ್ತರಿಸಿ, ಉಳಿದ ಮೊನೆಯನ್ನು ಅರದಿಂದ ಉಜ್ಜಿ ಬೆರಳಿಗೆ ಚುಚ್ಚದಂತೆ ಮಾಡಬೇಕು. ಚಿನ್ನವೋ ಬೆಳ್ಳಿಯೋ ಇರಬಹುದೆಂಬ ಸಣ್ಣ ಅನುಮಾನವಿದ್ದರೂ ಪರೀಕ್ಷೆ ಮಾಡಿಸದೆ ಕತ್ತರಿ ಹಾಕಬೇಡಿ.

ಲೋಹದ ತುಂಡುಗಳನ್ನು ಸೌಮ್ಯವಾದ ಸೋಪಿನ ನೀರಿನಲ್ಲಿ ಮೃದುವಾದ ಬ್ರಷ್‌ನಿಂದ ತೊಳೆದು ಪೂರ್ತಿ ಒಣಗಿಸಬೇಕು. ಮುತ್ತನ್ನೂ ಅಂಟಿನಿಂದ ಕೂರಿಸಿದ ಹರಳುಗಳನ್ನೂ ನೀರಿನಲ್ಲಿ ನೆನೆಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವ ಹಸಿರು ಕಿಲುಬು ಕಾಗದಕ್ಕೂ ಬಟ್ಟೆಗೂ ಕಲೆ ಮಾಡುವುದರಿಂದ ಅದನ್ನು ಉಳಿಯಗೊಡಬಾರದು.

ರಿಬ್ಬನ್ನಿನ ಅಗಲ 6ರಿಂದ 10 ಮಿಲಿಮೀಟರ್ ಇದ್ದರೆ ಅನುಕೂಲ. ವೆಲ್ವೆಟ್ ಕೈಗೆ ಹಿತವಾಗಿದ್ದರೂ ದಪ್ಪ ಹೆಚ್ಚು. ತೆಳುವಾದ ಸ್ಯಾಟಿನ್ ನನ್ನ ಆಯ್ಕೆ. ಕಡುಗೆಂಪು, ಕಡುನೀಲಿ ರಿಬ್ಬನ್ನುಗಳನ್ನು ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಅವನ್ನು ಪುಸ್ತಕದ ಹತ್ತಿರವೂ ಸುಳಿಯಗೊಡಬಾರದು. ಉದ್ದದ ಲೆಕ್ಕ ಹೀಗೆ: ಪುಸ್ತಕದ ಎತ್ತರ 22 ಸೆಂಟಿಮೀಟರ್ ಎಂದುಕೊಂಡರೆ ಮೇಲೆ 4, ಕೆಳಗೆ 5, ಎರಡು ತುದಿಗಳ ಮಡಿಕೆಗೆ 3, ಒಟ್ಟು 34 ಸೆಂಟಿಮೀಟರ್. ಅಂದರೆ ಸುಮಾರು ಒಂದೂವರೆ ಗೇಣು.

ಕತ್ತರಿಸಿದ ತುದಿ ಎಳೆ ಬಿಡದಂತೆ ನೋಡಿಕೊಳ್ಳುವುದು ಮುಂದಿನ ಕೆಲಸ. ಪಾಲಿಯೆಸ್ಟರ್ ಅಥವಾ ನೈಲಾನ್ ರಿಬ್ಬನ್ ಆದರೆ ಮೇಣದಬತ್ತಿಯ ಜ್ವಾಲೆಯ ಪಕ್ಕಕ್ಕೆ, ಅದಕ್ಕೆ ತಾಗಿಸದೆ, ತುದಿಯನ್ನು ಕ್ಷಣಮಾತ್ರ ಹಿಡಿದರೆ ಎಳೆಗಳು ಕರಗಿ ಕೂಡಿಕೊಳ್ಳುತ್ತವೆ. ಹತ್ತಿ, ರೇಷ್ಮೆಗಳು ಕರಗುವುದಿಲ್ಲ, ಸುಡುತ್ತವೆ. ಅವುಗಳ ಅಂಚಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಸವರಬೇಕು.

ಇನ್ನು ಜೋಡಣೆ. ತುದಿಯನ್ನು ಒಂದೂವರೆ ಸೆಂಟಿಮೀಟರಿನಷ್ಟು ಹಿಂದಕ್ಕೆ ಮಡಿಸಿ, ಮಡಿಕೆಯ ಒಳಗೆ ಒಂದು ಸಣ್ಣ ಲೋಹದ ಬಳೆಯನ್ನು (ಕೈಬಳೆಯಲ್ಲ, ಆಭರಣದ ತುಂಡುಗಳನ್ನು ಕೂಡಿಸುವ, ಒಂದು ಕಡೆ ಸೀಳಿರುವ ಪುಟ್ಟ ಉಂಗುರ) ಕೂರಿಸಿ, ಅದೇ ಬಣ್ಣದ ದಾರದಿಂದ ಅಡ್ಡಲಾಗಿ ನಾಲ್ಕೈದು ಹೊಲಿಗೆ ಹಾಕಿ ಗಂಟನ್ನು ಮಡಿಕೆಯೊಳಗೆ ಅಡಗಿಸಬೇಕು. ಹಲ್ಲುಗಳಿರುವ ರಿಬ್ಬನ್ ಕ್ಲಿಪ್ ಸಿಕ್ಕರೆ ಹೊಲಿಗೆಯ ಬದಲು ಅದನ್ನೇ ತುದಿಗೆ ಕಚ್ಚಿಸಿ ಇಕ್ಕಳದಿಂದ ಒತ್ತಬಹುದು. ಬೇಗ ಒಣಗುವ ಸೂಪರ್ ಗ್ಲೂ ಬೇಡ, ಅದು ರಿಬ್ಬನ್ನನ್ನು ಗಡುಸಾಗಿಸಿ ಬಿಳಿ ಕಲೆ ಉಳಿಸುತ್ತದೆ. ಅಂಟು ಬೇಕೇ ಆದರೆ ಬಟ್ಟೆಗೆಂದೇ ಸಿಗುವ ಅಂಟು ಸಾಕು.

ಬಳೆಯನ್ನು ತೆರೆಯುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಸೀಳಿರುವ ಕಡೆಯ ಎರಡು ತುದಿಗಳನ್ನು ಎಡಕ್ಕೂ ಬಲಕ್ಕೂ ಅಗಲಿಸಿದರೆ ಅದರ ದುಂಡು ಕೆಡುತ್ತದೆ, ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಎರಡು ಇಕ್ಕಳಗಳಿಂದ ಎರಡು ತುದಿಗಳನ್ನು ಹಿಡಿದು, ಒಂದನ್ನು ನಿಮ್ಮ ಕಡೆಗೂ ಇನ್ನೊಂದನ್ನು ಆಚೆಗೂ ತಿರುಚಬೇಕು. ಪದಕವನ್ನು ಸೇರಿಸಿದ ಮೇಲೆ ಹಾಗೆಯೇ ಹಿಂದಕ್ಕೆ ತಿರುಚಿದರೆ ತುದಿಗಳು ಎದುರುಬದುರಾಗಿ ಕೂಡುತ್ತವೆ. ಸೀಳಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಇನ್ನಷ್ಟು ಬಿಗಿಯಬೇಕು, ಇಲ್ಲದಿದ್ದರೆ ರಿಬ್ಬನ್ನಿನ ಎಳೆ ಅಲ್ಲಿಂದಲೇ ನುಸುಳುತ್ತದೆ.

ಮೇಲ್ತುದಿಗೆ ಪದಕ ಕೂತ ಮೇಲೆ ಕೆಳತುದಿಗೆ ಎರಡು ಮೂರು ಮಣಿಗಳು ಸಾಕು. ಡಬ್ಬಿಯಲ್ಲಿರುವುದನ್ನೆಲ್ಲ ಒಂದಕ್ಕೇ ತೂಗುಹಾಕುವ ಆಸೆಯನ್ನು ತಡೆದರೆ ಅದೇ ಸಾಮಗ್ರಿಯಲ್ಲಿ ಇನ್ನೊಂದು ಪುಟಗುರುತು ಆಗುತ್ತದೆ. ಅಂಟನ್ನೋ ನೇಲ್ ಪಾಲಿಶನ್ನೋ ಬಳಸಿದ್ದರೆ ಒಂದು ರಾತ್ರಿ ಪೂರ್ತಿ ಆರಲು ಬಿಟ್ಟು, ನಂತರವೇ ಪುಸ್ತಕದೊಳಗೆ ಇಡಿ.