ಹಳೆಯ ಆಟಗಳಿಂದ ನನ್ನ ಆರಂಭವನ್ನು ತಿದ್ದಿಕೊಂಡ ಬಗೆ

ದಾವಣಗೆರೆ ಮತ್ತು ಸುತ್ತಲಿನ ಊರುಗಳಲ್ಲಿ ನಡೆಯುವ ಚೆಸ್ ಟೂರ್ನಿಗಳಲ್ಲಿ ನಾನು ಬಿಳಿ ಕಾಯಿ ಸಿಕ್ಕಾಗಲೆಲ್ಲ ಕ್ವೀನ್ಸ್ ಗ್ಯಾಂಬಿಟ್ ಎಂಬ ಆರಂಭವನ್ನು (ಆಟದ ಮೊದಲ ನಡೆಗಳ ಕ್ರಮವನ್ನು) ಆಡುತ್ತೇನೆ. ಅದರ ಮೊದಲ ನಡೆಗಳು ಬಾಯಿಪಾಠವಾಗಿದ್ದವು; ಆದರೆ ಎದುರಾಳಿ ಕಲಿತ ಹಾದಿಯನ್ನು ಬಿಟ್ಟೊಡನೆ ಯಾವ ಕಾಯಿಯನ್ನು ಎಲ್ಲಿಗೆ ಒಯ್ಯಬೇಕೆಂಬುದು ತೋಚುತ್ತಿರಲಿಲ್ಲ. ಹಾಗಾಗಿ ನಡೆಗಳ ಪಟ್ಟಿಯನ್ನು ಬದಿಗಿಟ್ಟು, ಅದೇ ಆರಂಭದಿಂದ ಹುಟ್ಟಿದ ಹಳೆಯ ಆಟಗಳನ್ನು ಕೊನೆಯ ನಡೆಯವರೆಗೂ ಹಲಗೆಯ ಮೇಲೆ ಆಡಿ ನೋಡತೊಡಗಿದೆ.

ನನಗೆ ಹೆಚ್ಚು ಕಲಿಸಿದ್ದು 1908ರಲ್ಲಿ ಈಗಿನ ಪೋಲೆಂಡಿನ ಲೋಡ್ಜ್ ನಗರದಲ್ಲಿ ಹೆಸರಾಂತ ಆಟಗಾರ ಅಕಿಬಾ ರೂಬಿನ್‌ಸ್ಟೈನ್ ಅವರು ಬಿಳಿ ಕಾಯಿಗಳಿಂದ ಸಾಲ್ವೆ ಎಂಬ ಆಟಗಾರನ ವಿರುದ್ಧ ಗೆದ್ದ ಆಟ. ಕರಿಯವರದು ಟಾರಾಶ್ ರಕ್ಷಣೆ. ನಮ್ಮ ಕಡೆಯ ಆಟಗಾರರಿಂದಲೂ ನನಗೆ ಆಗಾಗ ಎದುರಾಗುವ ಉತ್ತರವದು. 9ನೇ ನಡೆಯಲ್ಲಿ ರೂಬಿನ್‌ಸ್ಟೈನ್ ತಮ್ಮ ಕುದುರೆಯಿಂದ ಸಿ6ರ ಕುದುರೆಯನ್ನು ಹೊಡೆದರು (ಹಲಗೆಯ ಪ್ರತಿ ಮನೆಗೂ ಹೀಗೆ ಒಂದು ಅಕ್ಷರ, ಒಂದು ಅಂಕಿಯ ಹೆಸರಿದೆ). ಕರಿಯ ಕಾಲಾಳು ಅಲ್ಲಿ ಬಂದು ನಿಂತೊಡನೆ ಆಟದ ಗುರಿ ನಿಶ್ಚಯವಾಯಿತು: ಸಿ5 ಮತ್ತು ಡಿ4 ಮನೆಗಳನ್ನು ಹಿಡಿದು, ಆ ಕಾಲಾಳು ಮುಂದೆ ಸರಿಯದಂತೆ ಕಟ್ಟಿಹಾಕುವುದು. ಕುದುರೆ ಎ4ಕ್ಕೆ ಹೋದದ್ದು, ಆನೆ ಸಿ1ಕ್ಕೆ ಬಂದದ್ದು, ಒಂಟೆ ಸಿ5ರಲ್ಲಿ ಕುಳಿತದ್ದು, ಬಳಿಕ ರಾಣಿ ಡಿ4ರಲ್ಲಿ ನಿಂತದ್ದು, ಎಲ್ಲವೂ ಆ ಒಂದೇ ಗುರಿಗಾಗಿ. ಕಡೆಗೆ 27ನೇ ನಡೆಯಲ್ಲಿ ಆನೆ ಸಿ6ರ ಕಾಲಾಳನ್ನು ತೆಗೆದುಕೊಂಡಿತು. ಇದನ್ನು ಕಂಡ ಮೇಲೆ 9ನೇ ನಡೆ ನನಗೆ ಬಾಯಿಪಾಠವಾಗಿ ಉಳಿಯಲಿಲ್ಲ.

ಯೋಜನೆ ಕಲಿಯಲು ಹಳೆಯ ಆಟಗಳೇ ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ. ಇಂದಿನ ಗ್ರ್ಯಾಂಡ್‌ಮಾಸ್ಟರ್‌ಗಳು ಪರಸ್ಪರರ ಯೋಜನೆಯನ್ನು ಅರ್ಧದಲ್ಲೇ ತಡೆಯುತ್ತಾರಾದ್ದರಿಂದ ಅದು ಮೊದಲಿನಿಂದ ಕೊನೆಯವರೆಗೆ ಕಣ್ಣಿಗೆ ಬೀಳುವುದು ಅಪರೂಪ.

ಆಟ ನೋಡುವಾಗ ಗೆದ್ದವರ ಮುಂದಿನ ನಡೆಯನ್ನು ಕಾಗದದಿಂದ ಮುಚ್ಚಿ, ನನ್ನ ನಡೆಯನ್ನೂ ಅದರ ಕಾರಣವನ್ನೂ ನೋಟ್‌ಬುಕ್ಕಿನಲ್ಲಿ ಬರೆದ ಬಳಿಕವೇ ಕಾಗದ ಸರಿಸುತ್ತೇನೆ. ಕಂಪ್ಯೂಟರನ್ನು ಕೇಳುವುದು ಎಲ್ಲಕ್ಕಿಂತ ಕೊನೆಗೆ. ಪಿ.ಜೆ. ಬಡಾವಣೆಯ ಗೆಳೆಯರೊಬ್ಬರು ಸಂಜೆ ಜೊತೆಗಿದ್ದರೆ ಅದೇ ಸ್ಥಿತಿಯಿಂದ ನಾವಿಬ್ಬರೂ ಬಣ್ಣ ಬದಲಿಸಿ ಆಡುತ್ತೇವೆ. ಸೋತ ಕಡೆಯಿಂದ ಆಡಿದಾಗ ಅದಕ್ಕೂ ಇದ್ದ ದಾರಿಗಳು ಕಾಣುತ್ತವೆ.

ಸೋತ ಕಡೆಯನ್ನು ಏಕೆ ನೋಡಬೇಕೆಂಬುದಕ್ಕೆ 1972ರ ವಿಶ್ವ ಚಾಂಪಿಯನ್‌ಷಿಪ್‌ನ 6ನೇ ಆಟವನ್ನು ಗಮನಿಸಬೇಕು. ಕ್ವೀನ್ಸ್ ಗ್ಯಾಂಬಿಟ್ಟಿನ ಆ ಆಟದಲ್ಲಿ ಬಾಬಿ ಫಿಶರ್ 14ನೇ ನಡೆಯಲ್ಲಿ ಒಂಟೆಯನ್ನು ಬಿ5ಕ್ಕೆ ತಂದರು. ಎದುರಾಳಿ ಬೋರಿಸ್ ಸ್ಪಾಸ್ಕಿ ಕಾಲಾಳನ್ನು ಎ6ಕ್ಕೆ ನಡೆಸಿ ಉತ್ತರಿಸಿ ಸೋತರು. ಫಿಶರ್ ಗೆಲುವನ್ನಷ್ಟೇ ನೋಡಿದವರಿಗೆ ಆ ಒಂಟೆಯ ನಡೆ ಬಿಳಿಯವರ ಪಾಲಿನ ವರವೆನಿಸುತ್ತದೆ. ಆದರೆ ಮರುವರ್ಷವೇ ನೆದರ್ಲೆಂಡ್ಸ್‌ನ ಹಿಲ್ವರ್ಸಮ್‌ನಲ್ಲಿ ಬಿಳಿ ಕಾಯಿಗಳಿಂದ ಆಡಿದ ಡಚ್ ಆಟಗಾರ ಟಿಮ್ಮನ್ ಅದೇ ಸ್ಥಿತಿಗೆ ಬಂದಾಗ, ಸ್ಪಾಸ್ಕಿಯ ಸಹಾಯಕರಾಗಿದ್ದ ಎಫಿಮ್ ಗೆಲ್ಲರ್ ರಾಣಿಯನ್ನು ಬಿ7ಕ್ಕೆ ಸರಿಸಿ ಕರಿಯ ಕಾಯಿಗಳಿಂದ ಗೆದ್ದರು. ಆದ್ದರಿಂದ ಒಂದು ಆಟವನ್ನು ಮಾದರಿಯೆಂದು ಒಪ್ಪುವ ಮೊದಲು, ಅದೇ ಸ್ಥಿತಿ ಮುಂದಿನ ವರ್ಷಗಳಲ್ಲಿ ಏನಾಯಿತೆಂದು ಡೇಟಾಬೇಸಿನಲ್ಲಿ ಹುಡುಕುತ್ತೇನೆ.

ಟೂರ್ನಿಯಿಂದ ಬಂದ ಮೇಲೆ ನನ್ನ ಆಟವನ್ನು ಮಾದರಿ ಆಟದ ಎದುರು ಪುಟದಲ್ಲಿ ಬರೆದು, ಎರಡೂ ಬೇರೆಯಾದ ನಡೆಯ ಕೆಳಗೆ ಗೆರೆ ಎಳೆಯುತ್ತೇನೆ. ಮುಂದಿನ ವಾರದ ಓದು ಆ ನಡೆಯಿಂದ ಆರಂಭವಾಗುತ್ತದೆ.