ನೈಟ್ ಡ್ಯೂಟಿ ಸುಸ್ತು: ಗುಣ ನೋಡಿ ಕೆಲಸ ಹಂಚಿದ್ದು

"ಸಿಸ್ಟರ್ಸ್ ಸ್ವಭಾವ ನೋಡ್ಕೊಂಡು ರೋಸ್ಟರ್ (ಡ್ಯೂಟಿ ಪಟ್ಟಿ) ಹಾಕೋಕಾಗುತ್ತೇನ್ರೀ" ಅಂದವರೇ ಈಗ ರೋಸ್ಟರ್ ಫೋಟೋ ಕೇಳ್ತಿದ್ದಾರೆ. ಬರೆಯೋಕೆ ಅದೇ ಕಾರಣ. ಜಾಗ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡ್. ಮೂವತ್ತರ ಆಸುಪಾಸು ಬೆಡ್, ರಾತ್ರಿಗೆ ನಾಲ್ಕು ಜನ ಸಿಸ್ಟರ್ಸ್. ಜಗಳೂರು, ಹರಪನಹಳ್ಳಿ ಕಡೆಯ ಕೇಸೆಲ್ಲ ಕತ್ತಲಾದ ಮೇಲೇ ಬಂದು ಬೀಳೋದು.

ಸುಸ್ತಿನ ಅಳತೆಗೆ ಮಸ್ಲಾಕ್ ಪಟ್ಟಿ (ಕೆಲಸದಿಂದ ಬಸವಳಿದದ್ದನ್ನ ಅಳೆಯೋ ಪ್ರಶ್ನಾವಳಿ) ಬೇಡ. 22 ಪ್ರಶ್ನೆ, ಮೇಲೆ ಲೈಸೆನ್ಸ್ ದುಡ್ಡು. ಕೆಲಸದಲ್ಲಿನ ಹುರುಪು ಅಳೆಯೋ ಉಟ್ರೆಕ್ಟ್ ಪಟ್ಟಿಯ 9 ಪ್ರಶ್ನೆಯಲ್ಲಿ ಚೈತನ್ಯದ 3 ಸಾಕು, ಪ್ರತಿಯೊಂದಕ್ಕೂ ಅಂಕ 0ರಿಂದ 6, ಹೆಚ್ಚಿದ್ದಷ್ಟೂ ಚೈತನ್ಯ ಹೆಚ್ಚು. ವಾಟ್ಸಾಪ್ ಗ್ರೂಪಲ್ಲಿ ಕೇಳಿದ್ರೆ ಎಲ್ಲರೂ 6 ಒತ್ತುತ್ತಾರೆ. ಮಡಚಿದ ಚೀಟಿ, ವಾರಕ್ಕೊಮ್ಮೆ, ಇನ್‌ಚಾರ್ಜ್ ಕೈಗೆ ಮಾತ್ರ.

ಮ್ಯಾನೇಜ್‌ಮೆಂಟ್ ಹದಿನೈದು ಸಾವಿರದಷ್ಟು ಸುರಿದು ಹುರುಪು ತುಂಬೋ ಭಾಷಣಕಾರರನ್ನ ಕರೆಸಿತ್ತು. ಅಂಕ ಒಂದು ವಾರ ಏರಿ ಮತ್ತೆ ಇಳೀತು. ಔಷಧಿಯನ್ನ ನಿಧಾನಕ್ಕೆ ಏರಿಸೋ ಸಿರಿಂಜ್ ಪಂಪ್ ಕೆಟ್ಟು ಕೂತಿರುವಾಗ "ಆಶಾವಾದಿಗಳಾಗಿ" ಅಂದ್ರೆ ಯಾರಿಗೆ ಮೈ ಉರಿಯಲ್ಲ?

ಮೊದಲು ಬಸವಳಿಯೋದು ನಗುಮುಖದವಳು. ಪೇಶೆಂಟ್ ಕಡೆಯವರ ಜಗಳಕ್ಕೆಲ್ಲ ಅವಳನ್ನೇ ಮುಂದೆ ತಳ್ತಾರೆ. ಒಳಗೆ ಕುದೀತಾ ಹೊರಗೆ ನಗೋದರಷ್ಟು ಹಿಂಡೋ ಕೆಲಸ ಇನ್ನೊಂದಿಲ್ಲ. ಜಗಳ ಸರದಿ ಪ್ರಕಾರ ಹಂಚಿ. ಪ್ರತಿ ಜಗಳದ ನಂತರ ಹತ್ತು ನಿಮಿಷ ಜನರ ಮುಖ ನೋಡದ ಕೆಲಸ ಕೊಡಿ, ಸ್ಟಾಕ್ ಎಣಿಸೋದು, ಟ್ರಾಲಿ ಜೋಡಿಸೋದು ಅಂಥದ್ದು. ಎರಡನೆಯವಳು ಅಚ್ಚುಕಟ್ಟಿನವಳು. ಉಳಿದವರ ಫೈಲೂ ಅವಳ ಮೇಜಿಗೇ ಬರುತ್ತೆ. ಎಂಟು ಪೇಶೆಂಟ್‌ಗಿಂತ ಹೆಚ್ಚು ಬೇಡ, ಬೇರೆಯವರ ಚಾರ್ಟಂತೂ ಬೇಡವೇ ಬೇಡ. ಬದಲಿಗೆ ಕ್ರ್ಯಾಶ್ ಕಾರ್ಟ್ (ತುರ್ತು ಔಷಧಿ, ಸಲಕರಣೆಯ ಗಾಡಿ) ಪೂರ್ತಿ ಅವಳದು. ಅಲ್ಲಿ ಅವಳ ಶಿಸ್ತಿಗೆ ಬೆಲೆಯಿದೆ, ಅಂಕವೂ ಏರುತ್ತೆ.

ಹೊಸಬರಿಗೆ ಬೇಕಾದ್ದು "ನನ್ನಿಂದಾಗುತ್ತೆ" ಅನ್ನೋ ನಂಬಿಕೆ, ಅದು ಕೈಗೆಲಸದಿಂದಲೇ ಬರಬೇಕು. ಕ್ಯಾನ್ಯುಲಾ (ಡ್ರಿಪ್‌ಗೆ ನರದೊಳಗೆ ಇಡೋ ಸಣ್ಣ ನಳಿಕೆ) ಹಾಕೋದು ಕಲಿಸೋಕೆ ದಪ್ಪ ನರದ ಹುಡುಗರ ಮುಂಗೈಯಿಂದ ಶುರು ಮಾಡಿ. ಕೀಮೋ ಮುಗಿಸಿದ ಅಜ್ಜಿಯ ಕೈ ಮೊದಲೇ ಕೊಟ್ರೆ ಎರಡು ಸಲ ಚುಚ್ಚಿ ನರ ಒಡೆದು, ಇಡೀ ರಾತ್ರಿ ಕೈ ನಡುಗುತ್ತೆ. ಎರಡು ಚುಚ್ಚು ತಪ್ಪಿದ್ರೆ ಸೀನಿಯರ್ ಕರೆಯೋದು ನಿಯಮ, ಅದು ಸೋಲಲ್ಲ ಅಂತ ಮೊದಲೇ ಹೇಳಿಬಿಡಿ. ಹೀಗೆ ಕಲಿತವರ ಅಂಕ 2ರ ಹತ್ತಿರದಿಂದ 4 ದಾಟಿತು.

ನಡುವೆ ತಿಂಡಿಯ ಪ್ರಯೋಗವೂ ಆಯ್ತು. ಮೂರು ಗಂಟೆಗೆ ಮಂಡಕ್ಕಿ ಸರಿ, ಮಿರ್ಚಿ ಸೇರಿದ್ರೆ ಬೆಳಗಿನ ರೌಂಡ್ಸ್ ಹೊತ್ತಿಗೆ ಎಲ್ಲರಿಗೂ ಎದೆಯುರಿ. ಇಪ್ಪತ್ತು ನಿಮಿಷದ ನಿದ್ದೆ ಅದಕ್ಕಿಂತ ಮೇಲು. ಅರ್ಧ ಗಂಟೆ ದಾಟಿದ್ರೆ ಎದ್ದ ಮೇಲೂ ಮಂಪರು, ಆಗ ಡ್ರಗ್ ಡೋಸ್ ಲೆಕ್ಕ ಹಾಕೋಕೆ ಬಿಡಬೇಡಿ. ಇದಕ್ಕೆಲ್ಲ ತಂದ ಟೈಮರ್, ಬೋರ್ಡ್, ಕೆಟಲ್ ಸೇರಿ ಖರ್ಚು ಎರಡೂವರೆ ಸಾವಿರದೊಳಗೆ.

ಯಾರ ಜೊತೆ ಯಾರನ್ನ ನೈಟ್‌ಗೆ ಹಾಕೋದು ಅನ್ನೋ ಲೆಕ್ಕ ಮಾತ್ರ ಇಲ್ಲಿ ಹೇಳಲ್ಲ.

ಸಿಕ್ ಲೀವ್ ಹೆಚ್ಚುಕಮ್ಮಿ ಅರ್ಧಕ್ಕಿಳಿದಿದೆ. ಅದನ್ನ ನೋಡಿ ಮ್ಯಾನೇಜ್‌ಮೆಂಟ್ "ಹಾಗಾದ್ರೆ ರಾತ್ರಿಗೆ ಮೂವರು ಸಾಕಲ್ವಾ" ಅಂತು. ಮೂವರೇ ಇದ್ದ ವಾರಗಳ ಚೀಟಿ ಮುಂದಿಟ್ಟಾಯ್ತು: ಅದೇ ಸಿಸ್ಟರ್ಸ್, ಅದೇ ಹಂಚಿಕೆ, ಅಂಕ 2ರ ಕೆಳಗೆ.