ಕಾರ್ ಶೆಡ್ಡಿನಲ್ಲಿ ರಡ್ಡರ್ ಕಟ್ಟಿದ್ದು: ನನ್ನ ಅನುಭವ

ಬೆಂಗಳೂರಿನ ಸಹಕಾರನಗರದ ನಮ್ಮ ಮನೆ ಮೇಲೆ ಜಕ್ಕೂರಿನ ತರಬೇತಿ ವಿಮಾನಗಳು ಹಾರುತ್ತಲೇ ಇರುತ್ತವೆ. ಅವನ್ನು ನೋಡಿ ನೋಡಿಯೇ ಈ ಹುಚ್ಚು ಹತ್ತಿದ್ದು. ಕಾರನ್ನು ರಸ್ತೆಗೆ ಹಾಕಿ, ಶೆಡ್ಡಿನಲ್ಲಿ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನದ ಬಾಲದ ಕಿಟ್ ಬಿಚ್ಚಿದೆ. ಮೊದಲು ಕೈಗೆತ್ತಿಕೊಂಡಿದ್ದು ರಡ್ಡರ್, ಅಂದರೆ ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಭಾಗ.

ವಿಮಾನ ಕಟ್ಟುವುದು ಅಂದರೆ ಬಹುಪಾಲು ತೂತು ಕೊರೆದು, ಅಂಚು ಸವರಿ, ರಿವೆಟ್ (ತಗಡುಗಳನ್ನು ಬೆಸೆಯುವ ಮೊಳೆ) ಹೊಡೆಯುವುದು. ಅದೇ ಸಾವಿರಾರು ಸಲ.

ತೂತಿನಲ್ಲೇ ಎಡವಿದೆ. ಸ್ಪಾರ್‌ಗೆ, ಅಂದರೆ ರಡ್ಡರ್ ಒಳಗಿನ ಮುಖ್ಯ ಆಧಾರದ ಪಟ್ಟಿಗೆ, ಹೊಡೆಯುವ ರಿವೆಟ್ ದಪ್ಪ ಇಂಚಿನ ಎಂಟನೇ ಒಂದು ಭಾಗ, 3.175 ಮಿ.ಮೀ. ತೂತಿಗೆ 30 ನಂಬರ್ ಬಿಟ್ ಬೇಕು, ಅದು 3.26. ಎಸ್‌ಪಿ ರೋಡಿನಲ್ಲಿ ನನಗೆ ಸಿಕ್ಕಿದ್ದು 3.2. ಇಷ್ಟಕ್ಕೇನು ಎಂದು ಅದನ್ನೇ ಕೊಂಡೆ. ರಿವೆಟ್ ಒಳಗೆ ಹೋಗಲು ತಿಣುಕಿತು. ಅಭ್ಯಾಸದ ತಗಡಾಗಿತ್ತು, ಬಚಾವಾದೆ. ಇನ್ನೊಂದು: ಪೆನ್ಸಿಲಿನಲ್ಲಿ ಗುರುತು ಹಾಕಬೇಡಿ. ಅದರ ಗ್ರಾಫೈಟ್‌ಗೆ ತೇವ ಸೇರಿದರೆ ಅಲ್ಯೂಮಿನಿಯಂ ತಿನ್ನುತ್ತದೆ. ಮಾರ್ಕರ್ ಪೆನ್ ಸಾಕು.

ರಿವೆಟ್ ಹೊಡೆಯಲು ಇಬ್ಬರು ಬೇಕು. ರಿವೆಟ್ ಬಡಿಯುವ ಗನ್ ನನ್ನ ಕೈಯಲ್ಲಿ, ಹಿಂದೆ ಒತ್ತಿ ಹಿಡಿಯುವ ಉಕ್ಕಿನ ಬಾರ್ ಹೆಂಡತಿ ಕೈಯಲ್ಲಿ. ರಿವೆಟ್‌ನ ಬಾಲದ ತುದಿ ಚಪ್ಪಟೆಯಾಗಿ ಅಗಲ 4.8 ಮಿ.ಮೀ., ಎತ್ತರ 1.6 ಆಗಬೇಕು, ದಪ್ಪದ ಒಂದೂವರೆ ಪಾಲು, ಅರ್ಧ ಪಾಲು ಎಂದು ಲೆಕ್ಕ. ಮೊದಲ ದಿನ 22ರಲ್ಲಿ 9 ಸೊಟ್ಟ. ನಾನು ಬಾರ್ ನೋಡುತ್ತಿದ್ದೆ. ಅವಳು ನನ್ನನ್ನೇ ನೋಡಿ, 'ರೀ, ನಾನು ಸರಿಯಾಗಿ ಹಿಡಿಯೋದ್ರೊಳಗೇ ಟ್ರಿಗರ್ ಒತ್ತಿದ್ರೆ ಹೇಗೆ?' ಅಂದಳು. ಅಂದಿನಿಂದ ಅವಳು 'ಹ್ಞೂಂ' ಅಂದ ಮೇಲೇ ನಾನು ಒತ್ತುವುದು. ಸೊಟ್ಟಗಾಗುವುದು ತೀರಾ ಕಡಿಮೆಯಾಯಿತು.

ಕೆಟ್ಟ ರಿವೆಟ್ ತೆಗೆಯುವಾಗ ತಲೆಯ ದಪ್ಪದಷ್ಟೇ ಕೊರೆದು, ಪಂಚ್‌ನಿಂದ ತಲೆ ಮುರಿದು, ಕಾಲನ್ನು ಮೆಲ್ಲಗೆ ತಟ್ಟಬೇಕು. ಅವಸರಕ್ಕೆ ಬಿದ್ದು ಒಂದು ಕಡೆ ತೂತನ್ನೇ ಅಗಲ ಮಾಡಿದೆ, ದಪ್ಪ ರಿವೆಟ್ ಹಾಕಬೇಕಾಯಿತು. ಸ್ವಲ್ಪ ವಾಲಿದ, ಆದರೆ ಅಳತೆಯೊಳಗಿರುವ ರಿವೆಟ್ಟನ್ನು ಈಗ ಸುಮ್ನೆ ಬಿಟ್ಟುಬಿಡುತ್ತೇನೆ.

ಹಾರಿಸಲು ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ಅನುಮತಿ ಬೇಕಲ್ವಾ, ಹಾಗಾಗಿ ಪ್ರತಿ ಹಂತದ ಫೋಟೊ ತೆಗೆದು ಡೈರಿಯಲ್ಲಿ ಬರೆದಿಡುತ್ತೇನೆ. ಪಕ್ಕದ ಮನೆಯ ಅಜ್ಜ ಮಧ್ಯಾಹ್ನ ಮಲಗುತ್ತಾರೆ. ಗನ್ ಶಬ್ದ ಬೆಳಿಗ್ಗೆ 10ರಿಂದ 12ರವರೆಗೆ ಮಾತ್ರ.

ಮುಂದಿನದು ಫಿನ್, ಅಂದರೆ ರಡ್ಡರ್ ಕೂರುವ, ಬಾಲದ ಮೇಲೆ ನೆಟ್ಟಗೆ ನಿಲ್ಲುವ ಭಾಗ. ಅದರ ತುದಿಯ ಇಕ್ಕಟ್ಟಿನಲ್ಲಿ ನನ್ನ ಕೈ ತೂರುವುದಿಲ್ಲ, ಅವಳದು ತೂರುತ್ತದೆ. ಅಲ್ಲೂ ಬಾರ್ ಅವಳದೇ.